ಹ್ಯಾಚರಿ ಮರಿಯೋ, ತಳಿ ಸಾಕುವವರ ಮರಿಯೋ? ಕೋಳಿ ಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಿತ್ತಿಲಲ್ಲೋ ತೋಟದಲ್ಲೋ ಹತ್ತಿಪ್ಪತ್ತರಿಂದ ನೂರಿನ್ನೂರು ಕೋಳಿ ಸಾಕಬೇಕು ಎಂದುಕೊಂಡವರಿಗಾಗಿ ಈ ಪುಟ. ಐದು ಸಾವಿರ ಬಾಯ್ಲರ್ ಕೋಳಿಯ ಶೆಡ್ಡು ಹಾಕುವವರ ಲೆಕ್ಕಾಚಾರವೇ ಬೇರೆ, ಅದು ಇಲ್ಲಿ ಸಿಗುವುದಿಲ್ಲ.

ಹ್ಯಾಚರಿ ಎಂದರೆ ಯಾವುದು? ತಳಿ ಸಾಕುವವರು ಎಂದರೆ ಯಾರು?

ಹ್ಯಾಚರಿಯಲ್ಲಿ ನಡೆಯುವುದು ದೊಡ್ಡ ಲೆಕ್ಕದ ಕೆಲಸ. ತಾಯಿ ಕೋಳಿಗಳ ದೊಡ್ಡ ಹಿಂಡು ಒಂದು ಕಡೆ, ಮೊಟ್ಟೆ ಕೂರಿಸುವ ಯಂತ್ರಗಳು ಇನ್ನೊಂದು ಕಡೆ. ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 18 ದಿನ ಮೊಟ್ಟೆ ತಿರುಗಿಸುತ್ತಾ ಇಟ್ಟು, ಕೊನೆಯ ಮೂರು ದಿನ ತೇವ ಹೆಚ್ಚಿಸಿ, 21ನೇ ದಿನ ಮರಿ ತೆಗೆಯುತ್ತಾರೆ. ಅದೇ ದಿನ ಅಥವಾ ಮಾರನೆಯ ದಿನ ಮರಿಗಳು ಗಾಳಿ ಕಿಂಡಿಯ ರಟ್ಟಿನ ಡಬ್ಬ ಸೇರಿ ಹೊರಡುತ್ತವೆ. ಮೊಟ್ಟೆಯ ಹಳದಿ ಭಾಗ ಮರಿಯ ಹೊಟ್ಟೆಯೊಳಗೆ ಸೇರಿಕೊಂಡಿರುವುದರಿಂದ ಎರಡು ಮೂರು ದಿನ ಕಾಳು ನೀರಿಲ್ಲದೆ ಅದು ತಡೆದುಕೊಳ್ಳಬಲ್ಲದು. ಈ ಒಂದು ಗುಣ ಇಲ್ಲದಿದ್ದರೆ ಹ್ಯಾಚರಿ ವ್ಯಾಪಾರವೇ ಹುಟ್ಟುತ್ತಿರಲಿಲ್ಲ.

ತಳಿ ಸಾಕುವವರು ಎಂದರೆ ಒಂದೋ ಎರಡೋ ಜಾತಿಯ ಕೋಳಿಯನ್ನು ಹಿಡಿದು, ಇಂಥ ಹುಂಜಕ್ಕೆ ಇಂಥ ಹೇಂಟೆ ಎಂದು ನೋಡಿ ಜೋಡಿ ಮಾಡಿ, ತಲೆಮಾರುಗಳ ಲೆಕ್ಕ ಇಟ್ಟುಕೊಂಡು ಬರುವವರು. ನಮ್ಮಲ್ಲಿ ಕಾಳಗದ ಕೋಳಿ ಅಸೀಲ್ ಸಾಕುವವರು ಹೆಚ್ಚಾಗಿ ಈ ಗುಂಪಿನವರು. ಮೈಯೆಲ್ಲ ಕಪ್ಪಾದ ಕಡಕ್‌ನಾಥ್, ಕೇರಳದ ತಲಶ್ಶೇರಿ, ಅಪ್ಪಟ ನಾಟಿ ಸಾಕುವವರಲ್ಲೂ ಇಂಥವರಿದ್ದಾರೆ. ಆದರೆ ಮೊಟ್ಟೆ ಮಷಿನ್ ಒಂದನ್ನು ತಂದು, ಸಂತೆಯಿಂದ ಮೊಟ್ಟೆ ಕೊಂಡು ಮರಿ ಮಾಡಿಸಿ ಮಾರುವ ಎಲ್ಲರನ್ನೂ ತಳಿಗಾರ ಎನ್ನಲಾಗದು. ಅದು ಸಣ್ಣ ಹ್ಯಾಚರಿ, ಅಷ್ಟೇ. ಮರಿಯ ಅಪ್ಪ ಅಮ್ಮ ಯಾರು ಎಂದು ಕೇಳಿದರೆ ಅವರಿಗೂ ಗೊತ್ತಿರುವುದಿಲ್ಲ.

ಎರಡೂ ಮೊಟ್ಟೆಯಿಂದಲೇ ಬಂದದ್ದು. ವ್ಯತ್ಯಾಸ ಎಲ್ಲಿಂದ ಬರುತ್ತದೆ?

ಅಪ್ಪ ಅಮ್ಮನನ್ನು ಯಾರು, ಯಾವ ಗುಣ ನೋಡಿ ಆರಿಸಿದರು ಎನ್ನುವುದರಿಂದ. ಯಂತ್ರದ ಕಾವಿಗೂ ಕೋಳಿಯ ಕಾವಿಗೂ ತಳಿಯ ಗುಣ ಬದಲಾಗುವುದಿಲ್ಲ.

ಹ್ಯಾಚರಿಗೆ ಬೇಕಾದ ತಾಯಿ ಕೋಳಿ ಎಂದರೆ ವರ್ಷಕ್ಕೆ ಹೆಚ್ಚು ಮೊಟ್ಟೆ ಇಡುವುದು, ಬೇಗ ತೂಕ ಬರುವ ಮರಿ ಕೊಡುವುದು, ಪಂಜರದಲ್ಲೂ ಶೆಡ್ಡಿನಲ್ಲೂ ತಕರಾರಿಲ್ಲದೆ ಇರುವುದು. ಅದರ ಬಾಲ ಹೇಗಿದೆ, ಕಾಲಿನ ಬಣ್ಣ ಯಾವುದು, ಮರಿಗಳನ್ನು ಹದ್ದಿನಿಂದ ಕಾಯುತ್ತದೆಯೇ ಎಂದು ಯಾರೂ ನೋಡುವುದಿಲ್ಲ. ತಳಿ ಸಾಕುವವರು ಮೈಕಟ್ಟು, ಜುಟ್ಟು, ಗರಿ, ನಿಲುವು, ಸ್ವಭಾವ ನೋಡುತ್ತಾರೆ, ಮೊಟ್ಟೆಯ ಲೆಕ್ಕವನ್ನು ಅಷ್ಟಾಗಿ ನೋಡುವುದಿಲ್ಲ. ಹತ್ತಾರು ತಲೆಮಾರು ಹೀಗೆ ಆರಿಸುತ್ತಾ ಹೋದರೆ ಒಂದೇ ಹೆಸರಿನ ಎರಡು ಕೋಳಿಗಳು ಗುರುತೇ ಸಿಗದಷ್ಟು ಬೇರೆಯಾಗುತ್ತವೆ. ಹಾಗಾಗಿ "ಯಾವುದು ಒಳ್ಳೆಯದು" ಎಂದು ಕೇಳುವ ಮೊದಲು ನಿಮಗೆ ಬೇಕಾದದ್ದು ಮೊಟ್ಟೆಯೋ, ಮಾಂಸವೋ, ತಾನೇ ಮರಿ ಮಾಡಿಕೊಂಡು ಹೋಗುವ ಹಿಂಡೋ, ಇಲ್ಲವೇ ಒಂದು ಜಾತಿಯ ಕೋಳಿಯೇ ಬೇಕೋ ಎಂದು ತೀರ್ಮಾನಿಸಿಕೊಳ್ಳಿ. ಈ ಪುಟದ ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಸಿಗುತ್ತದೆ.

ಗಿರಿರಾಜ ನಾಟಿ ಕೋಳಿಯಲ್ಲವೇ? ಬಣ್ಣ ಬಣ್ಣವಾಗಿಯೇ ಇರುತ್ತದಲ್ಲ.

ಅಲ್ಲ. ಗಿರಿರಾಜವನ್ನು ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಕೋಳಿ ವಿಜ್ಞಾನ ವಿಭಾಗದಲ್ಲಿ ರೂಪಿಸಿ 1989ರಲ್ಲಿ ಬಿಡುಗಡೆ ಮಾಡಿದರು. 2005ರಲ್ಲಿ ಅಲ್ಲಿಂದಲೇ ಸ್ವರ್ಣಧಾರ ಬಂತು. ಹಿತ್ತಿಲಲ್ಲಿ ಮೇಯಬೇಕು, ಹಳ್ಳಿಯ ಹೆಂಗಸರ ಕೈಗೆ ನಾಲ್ಕು ಕಾಸು ಬರಬೇಕು, ನೋಡಲು ಊರ ಕೋಳಿಯಂತೆ ಬಣ್ಣದ್ದಾಗಿರಬೇಕು ಎಂಬ ಲೆಕ್ಕದಲ್ಲಿ ಬೇರೆ ಬೇರೆ ತಳಿ ಕೂಡಿಸಿ ಮಾಡಿದ ಕೋಳಿಗಳಿವು. ಹೈದರಾಬಾದಿನ ರಾಜೇಂದ್ರನಗರದ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ ಮತ್ತು ಗ್ರಾಮಪ್ರಿಯ, ಹೆಸರಘಟ್ಟದ ಕೇಂದ್ರ ಕೋಳಿ ಅಭಿವೃದ್ಧಿ ಸಂಸ್ಥೆಯ ಕಾವೇರಿ ಕೂಡ ಇದೇ ಸಾಲಿನವು.

ಇವು ಒಳ್ಳೆಯ ಕೋಳಿಗಳೇ. ಗಿರಿರಾಜ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಮೊಟ್ಟೆ ಹೆಚ್ಚಾಯಿತು ಎನ್ನುವುದರಲ್ಲಿ ಎರಡು ಮಾತಿಲ್ಲ. ಇವನ್ನೇ ನಾಟಿ ಎಂದು ಹೇಳಿ ನಾಟಿ ದರಕ್ಕೆ ಮಾರುವುದು ಮಾತ್ರ ಮೋಸ. ಅದು ಈಗ ಹೆದ್ದಾರಿ ಪಕ್ಕದ ಪ್ರತಿ ಎರಡನೇ ಅಂಗಡಿಯಲ್ಲಿ ನಡೆಯುತ್ತಿದೆ.

ಹಾಗಾದರೆ ನಾಟಿ ಎನ್ನುವುದು ಒಂದು ತಳಿಯೇ?

ನಿಜ ಹೇಳಬೇಕೆಂದರೆ ಅಲ್ಲ. ಹಳೇ ಮೈಸೂರಿನವರ ನಾಟಿ, ಉತ್ತರ ಕರ್ನಾಟಕದವರ ಜವಾರಿ, ಕರಾವಳಿಯವರ ಊರ ಕೋಳಿ ಎಲ್ಲವೂ ಆಯಾ ಊರಿನಲ್ಲಿ ತಮ್ಮಷ್ಟಕ್ಕೆ ಬೆರೆತು ಬೆಳೆದುಬಂದ ಹಿಂಡುಗಳು. ಒಂದೇ ಮನೆಯ ಹತ್ತು ಮರಿ ಹತ್ತು ಬಣ್ಣದಲ್ಲಿರುತ್ತವೆ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಬ್ಯೂರೋ ದೇಶಿ ಕೋಳಿ ತಳಿಗಳನ್ನು ಗುರುತಿಸಿ ನೋಂದಾಯಿಸುತ್ತದೆ. ಅಸೀಲ್, ಕಡಕ್‌ನಾಥ್, ನಿಕೋಬಾರಿ, ಕೇರಳದ ತಲಶ್ಶೇರಿ ಎಲ್ಲ ಆ ಪಟ್ಟಿಯಲ್ಲಿವೆ. ನಮ್ಮ ಪಾಲಿಗೆ ಅಲ್ಲಿರುವುದು ಘಾಗಸ್, ಆಂಧ್ರ ಮತ್ತು ಕರ್ನಾಟಕ ಎರಡರ ಹೆಸರಿನಲ್ಲೂ. ಆ ಹೆಸರು ಕೇಳಿರುವ ಕೋಳಿ ವ್ಯಾಪಾರಿಗಳೇ ನನಗೆ ಅಪರೂಪವಾಗಿ ಸಿಕ್ಕಿದ್ದಾರೆ.

ಗಿರಿರಾಜ ಮೊಟ್ಟೆಯನ್ನು ನಾನೇ ಕಾವಿಗೆ ಇಟ್ಟು ಮರಿ ಮಾಡಿಕೊಂಡರೆ ಮತ್ತೆ ಮತ್ತೆ ಕೊಳ್ಳುವುದು ತಪ್ಪುತ್ತದಲ್ಲವೇ?

ಮರಿ ಖಂಡಿತ ಬರುತ್ತದೆ. ಆದರೆ ಗಿರಿರಾಜ ಬರುವುದಿಲ್ಲ. ಹೈಬ್ರಿಡ್ ಮೆಕ್ಕೆಜೋಳದ ತೆನೆಯನ್ನೇ ಮುಂದಿನ ವರ್ಷ ಬಿತ್ತನೆಗೆ ಇಟ್ಟರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ: ಒಂದು ಎತ್ತರ, ಒಂದು ಗಿಡ್ಡ, ಇಳುವರಿ ಕಡಿಮೆ.

ಇದಕ್ಕೆ ಕಾರಣ ಇದೆ. ಸಂಬಂಧವಿಲ್ಲದ ಎರಡು ಸಾಲುಗಳನ್ನು, ಅಂದರೆ ಬೇರೆ ಬೇರೆ ವಂಶದ ಕೋಳಿಗಳನ್ನು, ಕೂಡಿಸಿದಾಗ ಮೊದಲ ತಲೆಮಾರಿನ ಮರಿಗಳಲ್ಲಿ ಒಂದು ಹುರುಪು ಕಾಣಿಸುತ್ತದೆ. ಬೇಗ ಬೆಳೆಯುತ್ತವೆ, ಹೆಚ್ಚು ಇಡುತ್ತವೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ತೂಕಕ್ಕೆ ಬರುತ್ತವೆ. ಅವುಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿದರೆ ಗುಣಗಳು ಮತ್ತೆ ಕವಲೊಡೆದು, ಹುರುಪೂ ಇಳಿಯುತ್ತದೆ. ಬಾಯ್ಲರ್ ಮತ್ತು ಮೊಟ್ಟೆ ಕೋಳಿಗಳಲ್ಲಂತೂ ನಾಲ್ಕು ಬೇರೆ ಬೇರೆ ಸಾಲುಗಳನ್ನು ಎರಡು ಹಂತದಲ್ಲಿ ಕೂಡಿಸುವುದು ರೂಢಿ. ಅಜ್ಜ ಅಜ್ಜಿಯ ಸಾಲುಗಳು ಕಂಪನಿಯ ಕೈಯಲ್ಲೇ ಉಳಿಯುತ್ತವೆ, ರೈತನಿಗೆ ಸಿಗುವುದು ಮೊಮ್ಮಗು ಮಾತ್ರ. ಜಗತ್ತಿನ ಬಾಯ್ಲರ್ ಮಾರುಕಟ್ಟೆಯ ದೊಡ್ಡ ಪಾಲು ಕಾಬ್, ರಾಸ್ ಎಂಬ ಎರಡು ಹೆಸರುಗಳ ಸುತ್ತಲೇ ತಿರುಗುವುದು ಇದರಿಂದಾಗಿಯೇ.

ತಳಿ ಸಾಕುವವರ ಬಳಿ ಕೊಂಡ ಅಪ್ಪಟ ಕೋಳಿ ಹೀಗಲ್ಲ. ಅದರ ಮರಿ ಅದರಂತೆಯೇ ಇರುತ್ತದೆ. ಹೆಚ್ಚು ದುಡ್ಡು ಕೊಡುವುದು ಇದಕ್ಕೇ. ಒಮ್ಮೆ ಕೊಂಡರೆ ಹಿಂಡು ನಿಮ್ಮದು.

ವರ್ಷಕ್ಕೆ ಎಷ್ಟು ಮೊಟ್ಟೆ ಸಿಗುತ್ತದೆ?

ಫಾರಮ್ಮಿನ ಬಿಳಿ ಮೊಟ್ಟೆ ಕೋಳಿ, ಉದಾಹರಣೆಗೆ ವೆಂಕಟೇಶ್ವರ ಹ್ಯಾಚರೀಸ್‌ನ ಬಿವಿ-300, ತನ್ನ ಮೊಟ್ಟೆಯ ಅವಧಿಯಲ್ಲಿ 300 ದಾಟುತ್ತದೆ. ಸ್ವರ್ಣಧಾರ 180ರಿಂದ 190, ಗಿರಿರಾಜ 130ರಿಂದ 150. ಕಡಕ್‌ನಾಥ್ ನೂರರ ಆಸುಪಾಸು ಬಂದರೆ ಹೆಚ್ಚು. ಊರ ಕೋಳಿ 50, 60. ಅಸೀಲ್ ಅದಕ್ಕಿಂತಲೂ ಕಡಿಮೆ. ಇವೆಲ್ಲ ಸರಿಯಾಗಿ ಮೇವು ಹಾಕಿ ಸಾಕಿದರೆ ಸಿಗುವ ಲೆಕ್ಕ. ಅಕ್ಕಿ ನುಚ್ಚು ಎರಚಿ ಸ್ವರ್ಣಧಾರದಿಂದ 180 ಮೊಟ್ಟೆ ಕೇಳಿದರೆ ಅದು ಕೊಡುವುದಿಲ್ಲ. ಊರ ಕೋಳಿ ಮಾತ್ರ ತಿಪ್ಪೆ ಕೆದಕಿಕೊಂಡೇ ತನ್ನ 50 ಮೊಟ್ಟೆಯ ಲೆಕ್ಕ ಒಪ್ಪಿಸುತ್ತದೆ. ಖರ್ಚು ಕಳೆದು ನೋಡಿದರೆ ಯಾವುದು ಲಾಭ ಎಂಬುದು ನೀವು ಕೊಳ್ಳುವ ಮೇವಿನ ಮೇಲೆ ನಿಂತಿದೆ.

ಹ್ಯಾಚರಿ ಕೋಳಿ ಕಾವಿಗೆ ಕೂರುವುದಿಲ್ಲ ಎನ್ನುತ್ತಾರೆ. ನಿಜವೇ?

ಬಹುಮಟ್ಟಿಗೆ ನಿಜ. ಕಾವಿಗೆ ಕೂತ ಹೇಂಟೆ 21 ದಿನ ಮೊಟ್ಟೆ ಇಡುವುದಿಲ್ಲ. ಮರಿ ಜೊತೆ ಅಲೆಯುವಾಗಲೂ ವಾರಗಟ್ಟಲೆ ಇಡುವುದಿಲ್ಲ. ಹ್ಯಾಚರಿಗೆ ಅದು ನಷ್ಟದ ಬಾಬತ್ತು, ಆದ್ದರಿಂದ ಕಾವಿಗೆ ಕೂರುವವನ್ನು ತಲೆಮಾರುಗಳಿಂದ ಕೈಬಿಡುತ್ತಾ ಬಂದಿದ್ದಾರೆ. ಊರ ಕೋಳಿ ಒಂದು ಸುತ್ತಿಗೆ ಹನ್ನೆರಡೋ ಹದಿನೈದೋ ಇಟ್ಟು ಕೂತುಬಿಡುತ್ತದೆ. ವರ್ಷಕ್ಕೆ ಮೂರು ನಾಲ್ಕು ಸುತ್ತು. ಅಸೀಲ್ ಹೇಂಟೆಯಷ್ಟು ಒಳ್ಳೆಯ ತಾಯಿ ಇನ್ನೊಂದಿಲ್ಲ. ಮರಿ ಹತ್ತಿರ ಬಂದರೆ ಬೆಕ್ಕನ್ನಷ್ಟೇ ಅಲ್ಲ, ನಾಯಿಯನ್ನೂ ಓಡಿಸುತ್ತದೆ. ಗಿರಿರಾಜ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗಿಟ್ಟು ಮರಿ ಮಾಡಿಸುವ ಹಳ್ಳಿಯ ಉಪಾಯ ಹಳೆಯದು. ಒಂದು ಹೇಂಟೆಗೆ ಹತ್ತು ಹನ್ನೆರಡು ಮೊಟ್ಟೆ ಸಾಕು. ಹೆಚ್ಚಿಗೆ ಇಟ್ಟರೆ ಅಂಚಿನ ಮೊಟ್ಟೆಗೆ ಕಾವು ತಗುಲದೆ ಕೊಳೆತುಹೋಗುತ್ತದೆ.

ತಾಯಿ ಜೊತೆ ಬೆಳೆದ ಮರಿಗೆ ಇನ್ನೊಂದು ಲಾಭ. ಹುಳ ಹುಡುಕುವುದು, ಮುಳ್ಳುಪೊದೆಗೆ ನುಗ್ಗುವುದು, ಹದ್ದಿನ ನೆರಳು ಬಿದ್ದ ಕೂಡಲೇ ತಾಯಿಯ ಕೂಗಿಗೆ ಅಡಗುವುದು ಅದು ಅಲ್ಲೇ ಕಲಿಯುತ್ತದೆ. ಬಲ್ಬಿನ ಕೆಳಗೆ ಬೆಳೆದ ಮರಿಯನ್ನು ಎರಡು ತಿಂಗಳಿಗೆ ಏಕಾಏಕಿ ಬಯಲಿಗೆ ಬಿಟ್ಟರೆ ಮೊದಲ ವಾರವೇ ಗಿಡುಗ, ಮುಂಗುಸಿಗಳ ಪಾಲಾಗುವುದು ಹೆಚ್ಚು.

ರೋಗದ ವಿಷಯದಲ್ಲಿ ಯಾವುದು ಗಟ್ಟಿ? ನಾಟಿಗೆ ರೋಗವೇ ಬರುವುದಿಲ್ಲವಂತೆ.

ಈ ನಂಬಿಕೆಯಿಂದ ಹಾಳಾದ ಹಿಂಡುಗಳಿಗೆ ಲೆಕ್ಕವಿಲ್ಲ. ಕೊಕ್ಕರೆ ರೋಗ ಬಂದರೆ ನಾಟಿ, ಜವಾರಿ, ಅಸೀಲ್ ಯಾವುದನ್ನೂ ಬಿಡುವುದಿಲ್ಲ. ಕತ್ತು ತಿರುಚಿಕೊಂಡು, ಹಸಿರು ಭೇದಿಯಾಗಿ, ಊರಿಗೆ ಊರೇ ಕೋಳಿ ಖಾಲಿಯಾಗುತ್ತದೆ. ಇಂಗ್ಲಿಷಿನಲ್ಲಿ ನ್ಯೂಕ್ಯಾಸಲ್ ಎಂದು ಕರೆಯುವ ಈ ಕಾಯಿಲೆಗೆ ನಮ್ಮ ದೇಶದಲ್ಲಿ ಇನ್ನೊಂದು ಹೆಸರು ರಾಣಿಕೇತ್. 1920ರ ದಶಕದಲ್ಲಿ ಹಿಮಾಲಯದ ಆ ಊರಿನಲ್ಲಿ ಗುರುತಿಸಿದ್ದರಿಂದ ಬಂದದ್ದು. ಊರ ಕೋಳಿ ಗಟ್ಟಿ ಎನ್ನುವ ಮಾತು ಬಿಸಿಲು, ಮಳೆ, ಅರೆಹೊಟ್ಟೆ, ಜಂತುಹುಳುಗಳ ಮಟ್ಟಿಗೆ ಒಪ್ಪಬಹುದು. ಅಂಟುಜಾಡ್ಯಕ್ಕೆ ಆ ಮಾತು ಹೊಂದುವುದಿಲ್ಲ.

ಈ ಒಂದು ವಿಷಯದಲ್ಲಿ ಒಳ್ಳೆಯ ಹ್ಯಾಚರಿಯೇ ಮುಂದು. ಬಿಳಿ ಭೇದಿ ತರುವ ಸಾಲ್ಮೊನೆಲ್ಲಾ, ಗೊರಗೊರ ಉಸಿರಿನ ಮೈಕೋಪ್ಲಾಸ್ಮಾ ಇವು ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ದಾಟುತ್ತವೆ. ಆದ್ದರಿಂದ ವ್ಯವಸ್ಥಿತ ಹ್ಯಾಚರಿಗಳು ತಾಯಿ ಕೋಳಿಗಳ ರಕ್ತ ಪರೀಕ್ಷೆ ಮಾಡಿಸಿ, ರೋಗ ಹೊತ್ತವನ್ನು ತೆಗೆದುಹಾಕುತ್ತವೆ. ಹತ್ತು ಹೇಂಟೆ ಸಾಕಿರುವ ತಳಿಗಾರರಲ್ಲಿ ಈ ಪರೀಕ್ಷೆ ಮಾಡಿಸುವವರು ವಿರಳ. ಹಿಂಡು ನೋಡಲು ಆರೋಗ್ಯವಾಗಿಯೇ ಇರುತ್ತದೆ, ರೋಗ ಒಳಗೇ ಇರುತ್ತದೆ. ಹುಂಜದ ಮೈಕಟ್ಟಿಗೆ ಮರುಳಾಗುವ ಮುನ್ನ ರಾತ್ರಿ ಹೊತ್ತು ಗೂಡಿನ ಹತ್ತಿರ ನಿಂತು ಉಸಿರಿನ ಸದ್ದು ಕೇಳಿಸಿಕೊಳ್ಳಿ. ಗೊರಗುಟ್ಟುವ ಹಿಂಡಿನಿಂದ ಒಂದು ಗರಿಯನ್ನೂ ಮನೆಗೆ ತರಬೇಡಿ.

ಹ್ಯಾಚರಿಯಲ್ಲೇ ಲಸಿಕೆ ಹಾಕಿರುತ್ತಾರಲ್ಲ, ಮತ್ತೆ ಬೇಕೇ?

ಬೇಕು. ಹ್ಯಾಚರಿಯಲ್ಲಿ ಮೊದಲ ದಿನ ಸಾಮಾನ್ಯವಾಗಿ ಹಾಕುವುದು ಮರೆಕ್ಸ್ ರೋಗದ ಚುಚ್ಚುಮದ್ದು, ಕುತ್ತಿಗೆಯ ಚರ್ಮದಡಿ. ಕಾಲು ಸೋತು ಬೀಳುವ ಆ ರೋಗದ ಲಸಿಕೆಯನ್ನು ಹುಟ್ಟಿದ ದಿನವೇ ಹಾಕಬೇಕು. ತಳಿ ಸಾಕುವವರ ಮರಿಗೆ ಇದು ಸಾಮಾನ್ಯವಾಗಿ ಸಿಕ್ಕಿರುವುದಿಲ್ಲ. ಉಳಿದವು ನಿಮ್ಮ ಕೆಲಸ. ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗಕ್ಕೆ ಎಫ್-1 ಅಥವಾ ಲಸೋಟಾ ಎಂಬ ಲಸಿಕೆ ಕಣ್ಣಿಗೋ ಮೂಗಿಗೋ ಒಂದು ಹನಿ, ಎರಡನೇ ವಾರ ಗುಂಬೋರೋ ಎಂಬ ಇನ್ನೊಂದು ಅಂಟುರೋಗದ ಲಸಿಕೆ, ನಾಲ್ಕನೇ ವಾರದ ಹೊತ್ತಿಗೆ ಮತ್ತೆ ಲಸೋಟಾ, ಎಂಟು ವಾರ ತುಂಬಿದ ಮೇಲೆ ಕೊಕ್ಕರೆ ರೋಗಕ್ಕೇ ಆರ್-2-ಬಿ ಚುಚ್ಚುಮದ್ದು. ಸಿಡುಬಿನ ಲಸಿಕೆ ಎಲ್ಲಿ ಸೇರಿಸಬೇಕು ಎಂಬುದನ್ನು ನಿಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿ. ಲಸಿಕೆಯ ಬಾಟಲಿ ಐಸಿನಲ್ಲೇ ಬರಬೇಕು, ಬೆರೆಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ನೂರು ಮರಿಯ ಬಾಟಲಿ ಇಪ್ಪತ್ತು ಮರಿಗೆ ದಂಡವಾಗುತ್ತದೆ ಎಂದು ಬಿಡುವವರೇ ಹೆಚ್ಚು. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದೇ ದಿನ ಹಾಕಿಸಿದರೆ ದಂಡವೂ ತಪ್ಪುತ್ತದೆ, ಬೀದಿಯ ಕೋಳಿಗಳೆಲ್ಲ ಒಟ್ಟಿಗೆ ಉಳಿಯುತ್ತವೆ.

ಕಡಕ್‌ನಾಥ್ ಕೊಳ್ಳಬೇಕೆಂದಿದ್ದೇನೆ. ಅಸಲಿ ಎಂದು ಹೇಗೆ ತಿಳಿಯುವುದು?

ಮೋಸ ಹೆಚ್ಚು ನಡೆಯುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ.

ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಕಡೆಯ ಭಿಲ್ ಮತ್ತು ಭಿಲಾಲಾ ಜನರ ಕೋಳಿ. ಝಾಬುವಾ ಕಡಕ್‌ನಾಥ್ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಆಮೇಲೆ ಬೇಡಿಕೆ ಏರಿತು, ಧೋನಿ ರಾಂಚಿಯ ತೋಟಕ್ಕೆ ಝಾಬುವಾದಿಂದ ಮರಿ ತರಿಸಿದ ಸುದ್ದಿ ಬಂದ ಮೇಲಂತೂ ಕೇಳುವುದೇ ಬೇಡ. 2019ರಲ್ಲಿ ಮಹಾರಾಷ್ಟ್ರದಲ್ಲಿ ಕಡಕ್‌ನಾಥ್ ಹೆಸರು ಹೇಳಿ ರೈತರಿಂದ ದುಡ್ಡು ಕಟ್ಟಿಸಿಕೊಂಡು ಮೋಸ ಮಾಡಿದ ದೊಡ್ಡ ಪ್ರಕರಣವೂ ನಡೆಯಿತು. ಮರಿ ನಾವೇ ಕೊಡುತ್ತೇವೆ, ಮೊಟ್ಟೆ ನಾವೇ ಕೊಳ್ಳುತ್ತೇವೆ, ಮುಂಗಡ ಕಟ್ಟಿ ಎನ್ನುವವರು ನಮ್ಮ ಕಡೆಯೂ ಇದ್ದಾರೆ. ಅವರ ಹತ್ತಿರ ಹೋಗಬೇಡಿ.

ಅಸಲಿ ಕಡಕ್‌ನಾಥಿನ ಚರ್ಮ, ಕಾಲು, ಕೊಕ್ಕು, ನಾಲಿಗೆ, ಬಾಯಿಯ ಒಳಭಾಗ, ಕೊಯ್ದರೆ ಮೂಳೆಯ ಹೊದಿಕೆ ಎಲ್ಲ ಕಪ್ಪು. ಜುಟ್ಟು ಕಪ್ಪುಮಿಶ್ರಿತ ನೇರಳೆಯಾಗಿರುತ್ತದೆ. ಮೊಟ್ಟೆ ಮಾತ್ರ ಕಪ್ಪಲ್ಲ, ತಿಳಿ ಕಂದು. ಕಪ್ಪು ಮೊಟ್ಟೆ ತೋರಿಸಿ ಮಾರುವವನು ಬಣ್ಣ ಬಳಿದಿದ್ದಾನೆ.

ಇಷ್ಟೆಲ್ಲ ನೋಡಿದರೂ ಬೆರಕೆ ಕಣ್ತಪ್ಪಿಸುತ್ತದೆ. ಚರ್ಮ ಕಪ್ಪಾಗಿಸುವ ಗುಣ ಬೆರಕೆಯಲ್ಲೂ ಮೇಲುಗೈಯಾಗುತ್ತದೆ. ಅದನ್ನು ತಡೆಯುವ ಇನ್ನೊಂದು ಗುಣ ಲಿಂಗಕ್ಕೆ ಅಂಟಿಕೊಂಡು ಸಾಗುತ್ತದೆ. ಪರಿಣಾಮ ಏನೆಂದರೆ, ಕಡಕ್‌ನಾಥ್ ಹುಂಜವನ್ನು ಹಳದಿ ಕಾಲಿನ ಮಾಮೂಲಿ ಹೇಂಟೆಗೆ ಬಿಟ್ಟರೆ ಹುಟ್ಟುವ ಹೆಣ್ಣು ಮರಿಗಳು ಅಪ್ಪನಂತೆ ಕಪ್ಪಗೇ ಇರುತ್ತವೆ, ಗಂಡು ಮರಿಗಳ ಕಪ್ಪು ಮಾತ್ರ ತೆಳುವಾಗುತ್ತದೆ. ಅಂದರೆ ಹತ್ತು ಕಪ್ಪು ಹೇಂಟೆಗಳನ್ನು ನಿಮ್ಮ ಮುಂದೆ ನಿಲ್ಲಿಸಿ ಅಸಲಿ ಎಂದರೆ ಅವು ಬೆರಕೆಯಾಗಿರಬಹುದು. ಗಂಡು ಮರಿಗಳನ್ನೂ ತೋರಿಸಿ ಎನ್ನಿ. ಅವುಗಳ ತಾಯಂದಿರನ್ನು ತೋರಿಸಿ ಎನ್ನಿ. ಮರಿಯನ್ನಷ್ಟೇ ಮಾರುವ ಹ್ಯಾಚರಿಯಲ್ಲಿ ಇದು ಆಗುವ ಮಾತಲ್ಲ. ಕಡಕ್‌ನಾಥ್ ಬೇಕಿದ್ದರೆ ಹಿಂಡು ತೆರೆದು ತೋರಿಸುವ ತಳಿಗಾರ, ಇಲ್ಲವೇ ಕೃಷಿ ವಿಜ್ಞಾನ ಕೇಂದ್ರದಂಥ ಸರ್ಕಾರಿ ಮೂಲ, ಇವೆರಡೇ ದಾರಿ ಎನ್ನುವುದು ನನ್ನ ಅಭಿಪ್ರಾಯ.

ಅಸೀಲ್ ಮರಿ ಹ್ಯಾಚರಿಯಲ್ಲಿ ಏಕೆ ಸಿಗುವುದಿಲ್ಲ?

ಹೆಸರಿಗೆ ಕೆಲವು ಕಡೆ ಸಿಗುತ್ತದೆ. ಅದು ಹೆಚ್ಚಾಗಿ ಅಸೀಲ್ ಬೆರಕೆ. ಬರೇಲಿ ಬಳಿಯ ಇಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಹಿತ್ತಿಲ ಸಾಕಣೆಗೆಂದೇ ಅಸೀಲ್ ರಕ್ತದ ಕಾರಿ ನಿರ್ಭೀಕ್ ಎಂಬ ಕೋಳಿ ಮಾಡಿದೆ. ಅದು ಬೆರಕೆ ಎಂದು ಹೇಳಿಯೇ ಕೊಡುತ್ತಾರೆ, ತಕರಾರಿಲ್ಲ.

ಅಪ್ಪಟ ಅಸೀಲ್ ಹ್ಯಾಚರಿಯ ಲೆಕ್ಕಕ್ಕೆ ಒಗ್ಗುವುದಿಲ್ಲ. ಮೊಟ್ಟೆ ಕಡಿಮೆ. ಮರಿಗೆ ಗರಿ ತಡವಾಗಿ ಬರುತ್ತದೆ. ಮೈ ತುಂಬಿಕೊಳ್ಳಲು ವರ್ಷವಾಗುತ್ತದೆ. ಎಲ್ಲಕ್ಕಿಂತ ದೊಡ್ಡ ತೊಂದರೆ, ಬಲಿಯುತ್ತಿದ್ದಂತೆ ಹುಂಜಗಳು ಒಂದನ್ನೊಂದು ಕೊಲ್ಲುವವರೆಗೆ ಕಾದಾಡುತ್ತವೆ, ಹೇಂಟೆಗಳೂ ಕಡಿಮೆಯಿಲ್ಲ. ಒಂದೊಂದಕ್ಕೂ ಬೇರೆ ಗೂಡು ಬೇಕು. ಶೆಡ್ಡಿನಲ್ಲಿ ಸಾವಿರ ಅಸೀಲ್ ಕೂಡಿಹಾಕುವುದನ್ನು ಊಹಿಸಿಕೊಳ್ಳಿ.

ಆದ್ದರಿಂದ ಈ ತಳಿ ಉಳಿದಿರುವುದೇ ಹವ್ಯಾಸಿಗಳ ಕೈಯಲ್ಲಿ. ಪೀಲಾ, ಯಾಕೂಬ್, ನೂರಿ, ಕಗರ್ ಎಂದು ಬಣ್ಣದ ಮೇಲೆ ಹೆಸರಿಟ್ಟು, ಕೊಕ್ಕಿನ ದಪ್ಪ, ಕತ್ತಿನ ಉದ್ದ, ಕಾಲಿನ ಬಲ, ಕಣ್ಣಿನ ಬಣ್ಣ ನೋಡಿ ಜೋಡಿ ಕೂಡಿಸುತ್ತಾರೆ. ಬಟಾಣಿಯಷ್ಟು ಸಣ್ಣ ಜುಟ್ಟು, ಗಂಟಲಡಿ ಜೋಲು ಇಲ್ಲದಿರುವುದು, ನೆಟ್ಟಗೆ ಎದೆಯೆತ್ತಿ ನಿಲ್ಲುವುದು ಒಳ್ಳೆಯ ಹುಂಜದ ಗುರುತು. ಅಂಥವು ಮೂರು ನಾಲ್ಕು ಕಿಲೋ ತೂಗುತ್ತವೆ.

ಕೋಳಿ ಅಂಕದ ವಿಷಯ ಹೇಳದೆ ಅಸೀಲ್ ಮಾತು ಮುಗಿಸುವುದು ಕಪಟವಾಗುತ್ತದೆ. ಈ ತಳಿ ಹೀಗಾದದ್ದೇ ಕಾಳಗಕ್ಕಾಗಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು ಅಪರಾಧ. ಕರಾವಳಿಯಲ್ಲಿ ಜಾತ್ರೆಯ ನೆಪ ಹೇಳಿದರೂ ಪೊಲೀಸರು ಬಂದು ಕೋಳಿ, ಬೈಕು, ದುಡ್ಡು ಎಲ್ಲ ಎತ್ತಿಕೊಂಡು ಹೋಗುತ್ತಾರೆ. ಕೋಳಿ ಸಾಕುವುದು ಅಪರಾಧವಲ್ಲ. ನಿಮ್ಮ ತಳಿಗಾರರು ಅಂಕಕ್ಕೇ ಮಾರುವವರಾದರೆ ಅಲ್ಲಿಂದ ಎದ್ದು ಬನ್ನಿ.

ಒಂದೇ ಹುಂಜ ಇಟ್ಟುಕೊಂಡು ಎಷ್ಟು ವರ್ಷ ಸಾಕಬಹುದು?

ಹಿಂಡು ಚಿಕ್ಕದಾದರೆ ಎರಡು ಮೂರು ವರ್ಷಕ್ಕೆ ಹುಂಜ ಬದಲಿಸಿ. ಅಪ್ಪನಿಗೆ ಮಗಳು, ಅಣ್ಣನಿಗೆ ತಂಗಿ ಎಂದು ಕೂಡುತ್ತಾ ಹೋದರೆ ಗೊಡ್ಡು ಮೊಟ್ಟೆ ಹೆಚ್ಚುತ್ತದೆ, ಮರಿ ಮೊಟ್ಟೆಯೊಳಗೇ ಸಾಯುತ್ತದೆ, ಸೊಟ್ಟ ಕೊಕ್ಕು, ಸೊಟ್ಟ ಬೆರಳು ಕಾಣಿಸಿಕೊಳ್ಳುತ್ತದೆ. ಹಳ್ಳಿಗಳಲ್ಲಿ ನೆಂಟರ ಮನೆಯ ಹುಂಜದ ಜೊತೆ ಅದಲು ಬದಲು ಮಾಡಿಕೊಳ್ಳುವ ರೂಢಿ ಇರುವುದು ಇದಕ್ಕೇ. ತಳಿಗಾರರು ಬೇಕೆಂದೇ ಹತ್ತಿರದ ಸಂಬಂಧ ಕೂಡಿಸುವುದುಂಟು, ಒಂದು ಗುಣವನ್ನು ಗಟ್ಟಿ ಮಾಡಲು. ಕೈ ನುರಿತವರು ಮಾಡಿದರೆ ಸರಿ, ಹೆಸರಿಗೆ ತಳಿಗಾರರಾದವರು ಮಾಡಿದರೆ ತಳಿ ಕೆಡುತ್ತದೆ. ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆ ಸಾಕು.

ಹೆಣ್ಣು ಮರಿಗಳನ್ನೇ ಆರಿಸಿ ಕೊಡುತ್ತಾರೆಯೇ?

ಮೊಟ್ಟೆ ಕೋಳಿಯ ಹ್ಯಾಚರಿಯಲ್ಲಿ ಕೊಡುತ್ತಾರೆ. ಮರಿಯ ಗುದದ್ವಾರ ಒತ್ತಿ ನೋಡಿ ಹೇಳುವ ವಿದ್ಯೆಯನ್ನು 1920ರ ದಶಕದಲ್ಲಿ ಜಪಾನಿನವರು ಕಂಡುಹಿಡಿದರು. ಈಗ ರೆಕ್ಕೆಯ ಗರಿಯ ಉದ್ದದಲ್ಲೋ ಮರಿಯ ಬಣ್ಣದಲ್ಲೋ ತಿಳಿಯುವಂತೆ ಜೋಡಿ ಕೂಡಿಸುತ್ತಾರೆ. ನಾಟಿಯಲ್ಲೂ ಅಸೀಲಿನಲ್ಲೂ ಮೊದಲ ದಿನ ಕಂಡುಹಿಡಿಯುವುದು ಕಷ್ಟ. ಮೊಟ್ಟೆ ಚೂಪಾಗಿದ್ದರೆ ಗಂಡು, ದುಂಡಗಿದ್ದರೆ ಹೆಣ್ಣು ಎನ್ನುವುದೆಲ್ಲ ಸುಳ್ಳು. ಎರಡು ತಿಂಗಳು ಕಾಯಿರಿ.

ಪೇಟೆ ಬೀದಿಯಲ್ಲಿ ಬುಟ್ಟಿ ತುಂಬ ಗುಲಾಬಿ, ಹಸಿರು, ನೀಲಿ ಬಣ್ಣದ ಮರಿಗಳನ್ನು ಮಾರುತ್ತಾರಲ್ಲ, ಅವು ಹೆಚ್ಚಾಗಿ ಮೊಟ್ಟೆ ಕೋಳಿಯ ಹ್ಯಾಚರಿಗೆ ಬೇಡವಾದ ಗಂಡು ಮರಿಗಳು. ಮೊಟ್ಟೆ ಇಡುವುದಿಲ್ಲ, ಮಾಂಸವೂ ಬೇಗ ಬರುವುದಿಲ್ಲ. ಬಣ್ಣ ಬಳಿದು, ಕಾವಿಲ್ಲದೆ ಬಿಸಿಲಲ್ಲಿ ಸುತ್ತಿಸಿದ ಅವುಗಳಲ್ಲಿ ಬಹಳಷ್ಟು ವಾರ ಬದುಕುವುದಿಲ್ಲ. ಮಕ್ಕಳು ಹಟ ಹಿಡಿದರೂ ಕೊಡಿಸಬೇಡಿ.

ಬಾಯ್ಲರ್ ಮರಿ ತಂದು ನಾಟಿಯಂತೆ ಮೇಯಿಸಿದರೆ ನಾಟಿ ರುಚಿ ಬರುತ್ತದೆಯೇ?

ಬರುವುದಿಲ್ಲ. ಐದಾರು ವಾರಕ್ಕೆ ಎರಡು ಕಿಲೋ ದಾಟುವಂತೆ ಆರಿಸಿ ಬೆಳೆಸಿದ ಕೋಳಿ ಅದು. ಮೂರು ತಿಂಗಳು ಇಟ್ಟುಕೊಂಡರೆ ಸ್ವಂತ ಭಾರಕ್ಕೆ ಕಾಲು ಸೋಲುತ್ತದೆ, ಹೃದಯ ಸೋತು ಸಾಯುವುದೂ ಉಂಟು. ನಾಟಿ ಸಾರಿನ ರುಚಿಗೆ ತಳಿಯಷ್ಟೇ ವಯಸ್ಸೂ ಕಾರಣ. ಆರೇಳು ತಿಂಗಳು ಓಡಾಡಿದ ಕೋಳಿಯ ಮಾಂಸ ಬಿಗಿಯಾಗಿ, ನಿಧಾನಕ್ಕೆ ಬೆಂದು, ಸಾರಿಗೆ ತನ್ನ ರಸ ಬಿಡುತ್ತದೆ. ನಾಲ್ಕೈದು ತಿಂಗಳು ತೋಟದಲ್ಲಿ ಬಿಟ್ಟು ಬೆಳೆಸಿದ ಗಿರಿರಾಜ ಹುಂಜ ಆ ರುಚಿಗೆ ಸಾಕಷ್ಟು ಹತ್ತಿರ ಬರುತ್ತದೆ. ಇದನ್ನು ಕೇಳಿ ಮೂಗು ಮುರಿಯುವವರು ಕಣ್ಣು ಕಟ್ಟಿ ತಿಂದು ನೋಡಲಿ.

ಅಮೆರಿಕದಲ್ಲಿರುವ ಬಂಧುಗಳು ಅಂಚೆಯಲ್ಲಿ ಮರಿ ತರಿಸುತ್ತಾರಂತೆ. ಅಲ್ಲೂ ಈ ವ್ಯತ್ಯಾಸ ಇದೆಯೇ?

ಇದೆ, ಇನ್ನೂ ಹೆಚ್ಚಾಗಿ. ಅಲ್ಲಿನ ಅಂಚೆ ಇಲಾಖೆ 1918ರಿಂದ ಒಂದು ದಿನದ ಮರಿ ಸಾಗಿಸುತ್ತಿದೆ. ತಳಿಗಳ ಲಕ್ಷಣ ಹೀಗೇ ಇರಬೇಕು ಎಂದು ಬರೆದಿಟ್ಟ ಮಾನದಂಡದ ಪುಸ್ತಕ ಅವರಲ್ಲಿ 1874ರಿಂದ ಇದೆ, ಪ್ರದರ್ಶನಕ್ಕೆ ಸಾಕುವವರು ಅದನ್ನೇ ಹಿಡಿದು ನಡೆಯುತ್ತಾರೆ. ರೋಡ್ ಐಲೆಂಡ್ ರೆಡ್ ನೋಡಿ: ತಳಿಗಾರರದ್ದು ಕಪ್ಪೇ ಎನ್ನುವಷ್ಟು ಗಾಢ ಕೆಂಪು, ಇಟ್ಟಿಗೆಯಂತೆ ಉದ್ದ ಮೈ. ಹ್ಯಾಚರಿಯದು ತಿಳಿ ಕಂದು, ಸಣ್ಣ ಮೈ, ಮೊಟ್ಟೆ ಮಾತ್ರ ಜಾಸ್ತಿ. ಎರಡರ ಹೆಸರೂ ಒಂದೇ. ಅಲ್ಲಿ 1935ರಿಂದ ಕೋಳಿ ಹಿಂಡುಗಳ ರೋಗ ಪರೀಕ್ಷೆಗೆ ರಾಷ್ಟ್ರೀಯ ಯೋಜನೆ ಇದೆ, ಸಣ್ಣ ತಳಿಗಾರರೂ ಅದರಲ್ಲಿ ಸೇರಬಹುದು. ನಮ್ಮ ತಳಿಗಾರರಿಗೂ ಅಂಥದ್ದು ಬೇಕು.

ಹ್ಯಾಚರಿ ಮರಿ ಮತ್ತು ನಾಟಿ ಹಿಂಡನ್ನು ಒಟ್ಟಿಗೆ ಬಿಡಬಹುದೇ?

ಬಂದ ದಿನವೇ ಬೇಡ. ಯಾವ ಕಡೆಯಿಂದ ತಂದ ಕೋಳಿಯಾದರೂ ಮೂರು ವಾರವಾದರೂ ಬೇರೆ ಗೂಡು, ಬೇರೆ ನೀರಿನ ತಟ್ಟೆ. ಮೊದಲು ಹಳೆಯ ಹಿಂಡಿಗೆ ಮೇವು ಹಾಕಿ, ಆಮೇಲೆ ಹೊಸತರ ಹತ್ತಿರ ಹೋಗಿ. ಹ್ಯಾಚರಿ ಮರಿಯಾದರೆ ಮೊದಲ ವಾರ 35 ಡಿಗ್ರಿ ಶಾಖ ಬೇಕು, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸುತ್ತಾ ಬನ್ನಿ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ: ಬಲ್ಬಿನಡಿ ಒತ್ತಿಕೊಂಡು ಚೀಂಗುಟ್ಟಿದರೆ ಚಳಿ, ಮೂಲೆಗೆ ಸರಿದು ರೆಕ್ಕೆ ಅಗಲಿಸಿ ಬಾಯಿ ತೆರೆದರೆ ಸೆಕೆ. ನಾಟಿ ತಳಿಯನ್ನು ಅಪ್ಪಟವಾಗಿ ಉಳಿಸಿಕೊಳ್ಳುವ ಆಸೆ ಇದ್ದರೆ ಗಿರಿರಾಜ ಹುಂಜಗಳನ್ನು ಬಲಿಯುವ ಮುನ್ನವೇ ಸಾರಿಗೆ ಕಳಿಸಿಬಿಡಿ.

ಕೊಳ್ಳುವಾಗ ಏನು ಕೇಳಬೇಕು?

ಹ್ಯಾಚರಿಯಲ್ಲಾದರೆ: ಮರಿ ಹುಟ್ಟಿದ್ದು ಯಾವತ್ತು, ಮರೆಕ್ಸ್ ಹಾಕಿದ್ದೀರಾ, ಯಾವ ತಳಿ, ಬಿಲ್ಲಿನಲ್ಲಿ ಅದನ್ನೇ ಬರೆದುಕೊಡುತ್ತೀರಾ. ಹೊಕ್ಕುಳು ಒಣಗಿರಬೇಕು, ಕಣ್ಣು ಹೊಳೆಯುತ್ತಿರಬೇಕು, ಹಿಂಭಾಗಕ್ಕೆ ಹಿಕ್ಕೆ ಅಂಟಿರಬಾರದು. ತಳಿ ಸಾಕುವವರ ಬಳಿಯಾದರೆ: ಅಪ್ಪ ಅಮ್ಮನನ್ನು ತೋರಿಸಿ, ಹಿಂದಿನ ವರ್ಷದ ಮರಿಗಳೂ ಇದ್ದರೆ ತೋರಿಸಿ, ಹುಂಜವನ್ನು ಕೊನೆಯ ಸಲ ಹೊರಗಿನಿಂದ ತಂದದ್ದು ಯಾವಾಗ, ಕೊಕ್ಕರೆ ರೋಗದ ಲಸಿಕೆ ಯಾವಾಗ ಹಾಕಿದ್ದು. ಫೋಟೋದಲ್ಲಷ್ಟೇ ಹುಂಜ ತೋರಿಸಿ ಮುಂಗಡ ಕೇಳುವವರು ಮೊಬೈಲಿನಲ್ಲಿ ದಂಡಿಯಾಗಿದ್ದಾರೆ. ಅದೇ ಹುಂಜದ ಫೋಟೋ ಮೂರು ಊರುಗಳ ಹೆಸರಿನಲ್ಲಿ ಓಡಾಡುತ್ತಿರುತ್ತದೆ.

ಮರಿಯ ಬದಲು ಮೊಟ್ಟೆಯನ್ನೇ ತಂದು ಕಾವಿಗೆ ಇಡಬಹುದೇ?

ಇಡಬಹುದು, ದೂರದ ತಳಿಗಾರರಿಂದ ತರಲು ಇದು ಅಗ್ಗದ ದಾರಿ. ಇಟ್ಟು ಒಂದು ವಾರದೊಳಗಿನ ಮೊಟ್ಟೆಯೇ ಆಗಬೇಕು, ಫ್ರಿಜ್ಜಿನಲ್ಲಿ ಇಟ್ಟದ್ದು ಬೇಡ, ತೊಳೆದದ್ದೂ ಬೇಡ. ಬಸ್ಸಿನ ಕುಲುಕಾಟದಲ್ಲಿ ಬಂದ ಮೊಟ್ಟೆಯನ್ನು ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಸುಮ್ಮನೆ ಬಿಟ್ಟು ಆಮೇಲೆ ಕೂರಿಸಿ. ಏಳನೇ ದಿನ ಕತ್ತಲಲ್ಲಿ ಮೊಬೈಲ್ ಟಾರ್ಚಿಗೆ ಹಿಡಿದು ನೋಡಿ. ಕೆಂಪು ನರಗಳು ಜೇಡರಬಲೆಯಂತೆ ಹರಡಿದ್ದರೆ ಮರಿ ಕಟ್ಟಿದೆ, ಬೆಳ್ಳಗಿದ್ದರೆ ಗೊಡ್ಡು, ತೆಗೆದುಬಿಡಿ. ಹತ್ತು ಮೊಟ್ಟೆಗೆ ಐದು ಮರಿ ಬಂದರೂ ಪ್ರಯಾಣ ಮಾಡಿ ಬಂದ ಮೊಟ್ಟೆಗೆ ಅದು ಕೆಟ್ಟ ಲೆಕ್ಕವಲ್ಲ. ಪೂರ್ತಿ ಹತ್ತಕ್ಕೂ ಗ್ಯಾರಂಟಿ ಕೊಡುವವರ ಹತ್ತಿರ ಮಾತ್ರ ಕೊಳ್ಳಬೇಡಿ.